ಏಳನೇ ನಮೂನೆಯ ಅನ್ನ

ಮೂರಂತಸ್ತಿನ ಆ ಕಟ್ಟಡದಲ್ಲಿ ಎಲ್ಲರೂ ಅವರನ್ನು ಬಾಯ್ಲರ್ ಸಾಹೇಬರು ಎಂದೇ ಕರೆಯುತ್ತಿದ್ದರು. ಹಾಗೆ ಕರೆಯಿರಿ ಎಂದು ಅವರು ಯಾರಿಗೂ ಹೇಳಿದವರಲ್ಲ. ಕರೆಯಬೇಡಿ ಎಂದೂ ಹೇಳಲಿಲ್ಲ, ಅಷ್ಟೆ. ನಿಜಕ್ಕೂ ಅವರು ಬಾಯ್ಲರ್ ತಪಾಸಣಾ ಕಚೇರಿಯ ಗುಮಾಸ್ತರು. ಇನ್‌ಸ್ಪೆಕ್ಟರು ಕಾರ್ಖಾನೆಗಳಿಗೆ ಹೋಗಿ ಬಾಯ್ಲರು ನೋಡಿ ಬರುತ್ತಿದ್ದರು, ಇವರು ಕುರ್ಚಿಯಲ್ಲಿ ಕೂತು ನಮೂನೆ ತುಂಬುತ್ತಿದ್ದರು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಒಂದೇ ಒಂದು ಬಾಯ್ಲರನ್ನೂ ಅವರು ಕಣ್ಣಾರೆ ಕಂಡಿರಲಿಲ್ಲ. ಆದರೆ ಸಿಡಿದ ಬಾಯ್ಲರುಗಳ ವರದಿಯನ್ನು ಮಾತ್ರ ನೂರಾರು ಸಲ ಟೈಪು ಮಾಡಿದ್ದರು. ಹೀಗಾಗಿ ಬಾಯ್ಲರು ಎಂದರೆ ಸಿಡಿಯುವುದಕ್ಕೆಂದೇ ತಯಾರಾದ ವಸ್ತು ಎಂದು ಅವರು ದೃಢವಾಗಿ ನಂಬಿದ್ದರು.

ಇಂಥ ಸಾಹೇಬರ ಮನೆಯಲ್ಲಿ ಹೋದ ಸೋಮವಾರ ಒಂದು ಅವಘಡವಾಯಿತು. ಹೆಂಡತಿ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಡಾಕ್ಟರು ಮೊಣಕೈವರೆಗೆ ಪ್ಲಾಸ್ಟರು ಹಾಕಿ, ಇನ್ನು ಆರು ವಾರ ಈ ಕೈಗೆ ಯಾವ ಕೆಲಸವೂ ಇಲ್ಲ ಎಂದರು. ಮಂಗಳವಾರ ಬೆಳಗಾಗುವುದೇ ತಡ, ಹೆಂಡತಿಯ ಅಕ್ಕನ ಫೋನು ಬಂತು.

ಮನೆಯವರೆಲ್ಲ ದೊಡ್ಡಕ್ಕ ಎನ್ನುವ ಈ ಮಹಾತಾಯಿ ಒಂದು ದೊಡ್ಡ ಹಾಸ್ಟೆಲ್ಲಿನ ಅಡುಗೆಮನೆಯ ಮೇಲ್ವಿಚಾರಕಿಯಾಗಿ ಮೂವತ್ತು ವರ್ಷ ಆಳಿ ನಿವೃತ್ತರಾದವರು. ಸೌಟು ಕೆಳಗಿಟ್ಟರೂ ಏಕವಚನ ಬಿಟ್ಟಿರಲಿಲ್ಲ.

"ಭಾನುವಾರ ಬಂದು ಅವಳನ್ನ ಕರ್ಕೊಂಡು ಹೋಗ್ತೀನಿ," ಎಂದರು ದೊಡ್ಡಕ್ಕ. "ಕೈ ಸರಿಹೋಗೋ ತನಕ ನಮ್ಮನೇಲೇ ಇರ್ಲಿ. ನಿನ್ನ ಹತ್ರ ಬಿಟ್ರೆ ಹೊಟ್ಟೆಗಿಲ್ದೆ ಒಣಗಿ ಹೋಗ್ತಾಳೆ. ನಿನಗೆ ನೀರು ಕಾಯ್ಸೋದಕ್ಕೂ ಬರಲ್ಲ."

"ಯಾರು ಹೇಳಿದ್ದು ಅತ್ತಿಗೆ? ನಾನು ಅನ್ನ ಮಾಡಿದ್ರೆ ಕಾಳಿಗೆ ಕಾಳು ಅಂಟಲ್ಲ. ಉದುರುದುರಾಗಿರುತ್ತೆ."

ಈ ಮಾತು ತಮ್ಮ ಬಾಯಿಗೆ ಎಲ್ಲಿಂದ ಬಂತೆಂದು ಸಾಹೇಬರಿಗೇ ತಿಳಿಯಲಿಲ್ಲ.

"ಉದ್ದಕ್ಕಿದಾ?" ಎಂದರು ದೊಡ್ಡಕ್ಕ.

"ಉದ್ದಕ್ಕಿದೇ."

"ಸರಿ ಹಾಗಾದ್ರೆ. ಭಾನುವಾರ ಒಂದು ಗಂಟೆಗೆ ಬರ್ತೀನಿ. ಅನ್ನ ಉದುರಾಗಿದ್ರೆ ಅವಳು ಅಲ್ಲೇ ಇರ್ಲಿ. ಎರಡು ಕಾಳು ಅಂಟ್ಕೊಂಡಿದ್ರೂ ನನ್ನ ಜೊತೆ ಹೊರಡ್ತಾಳೆ. ಅವಳು ಅಡುಗೆಮನೆಗೆ ಕಾಲಿಡಬಾರದು, ಬಾಯಲ್ಲಿ ಒಂದಕ್ಷರ ಹೇಳಿಕೊಡಬಾರದು. ನನ್ನಾಣೆ ಅಂತ ಅವಳಿಗೆ ಹೇಳು."

ಇಲ್ಲಿ ಒಂದು ಸಂಗತಿ ತಿಳಿಸಿಬಿಡಬೇಕು. ಸಾಹೇಬರು ಈ ಪಂದ್ಯಕ್ಕಿಳಿದದ್ದು ಮೀಸೆಯ ಮರ್ಯಾದೆಗಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷಗಳಲ್ಲಿ ಹೆಂಡತಿ ಒಮ್ಮೆ ನಾಲ್ಕು ದಿನ ಅಕ್ಕನ ಮನೆಗೆ ಹೋಗಿದ್ದಳು. ಆ ನಾಲ್ಕು ದಿನ ಸಾಹೇಬರಿಗೆ ನಿದ್ದೆ ಹತ್ತಲಿಲ್ಲ. ಅಂಗಿ ತಿರುಗುಮುರುಗು ಹಾಕಿಕೊಂಡು ಕಚೇರಿಗೆ ಹೋಗಿದ್ದರು. ಸಂಜೆ ಬಾಗಿಲು ತೆಗೆದು, ಬಂದೆ ಕಣೇ ಎಂದು ಖಾಲಿ ಮನೆಗೆ ಹೇಳಿ, ಉತ್ತರವಿಲ್ಲದೆ ಚಪ್ಪಲಿ ಕಾಲಲ್ಲೇ ಅರ್ಧ ಗಂಟೆ ನಿಂತಿದ್ದರು. ಆಕೆಯಿಲ್ಲದ ಆರು ವಾರ ಎಂದರೆ ಅವರಿಗೆ ನಿಜವಾಗಿ ಭಯವಾಗುತ್ತಿತ್ತು. ಇದನ್ನು ಆಕೆಗೆ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಹೇಳಿ ಅಭ್ಯಾಸವಿರಲಿಲ್ಲ, ಅದಕ್ಕೇ ಅನ್ನ ಮಾಡಲು ಹೊರಟರು.

ಬುಧವಾರ ಸಾಹೇಬರು ಕಚೇರಿಗೆ ಆರು ವಾರ ರಜೆ ಹಾಕಿದರು, ಒಂದು ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರು ಮನೆಗೆ ಬಂತು. ಆರು ಲೀಟರಿನದು, ಮೈಯೆಲ್ಲ ಬಟನ್ನು. ಜೊತೆಗಿದ್ದ ಪುಸ್ತಕದಲ್ಲಿ ಅಡುಗೆ ಮಾಡುವ ಬಗೆ ಒಂದು ಪುಟ, ಎಚ್ಚರಿಕೆಗಳು ಹದಿನೆಂಟು ಪುಟ. ಸಾಹೇಬರು ಹದಿನೆಂಟು ಪುಟವನ್ನೂ ಕೆಂಪು ಪೆನ್ಸಿಲಿನಲ್ಲಿ ಗೆರೆ ಹಾಕಿ ಓದಿದರು. ಉಳಿದ ಒಂದು ಪುಟ ಓದುವಷ್ಟರಲ್ಲಿ ಕಣ್ಣು ಸೋತಿತ್ತು.

ಗುರುವಾರದ ಅನ್ನಕ್ಕೆ ಅಳತೆಯ ಎರಡರಷ್ಟು ನೀರು ಬಿತ್ತು. ಆದದ್ದು ಅನ್ನವಲ್ಲ, ಅಂಟು. ಕೆಳಮನೆಯ ಟೈಲರ್ ಅದನ್ನು ಒಂದು ಡಬ್ಬಿಯಲ್ಲಿ ಇಸಿದುಕೊಂಡು ಹೋಗಿ, ಬಟ್ಟೆ ಕತ್ತರಿಸುವ ಕಾಗದದ ಅಚ್ಚುಗಳನ್ನು ರಟ್ಟಿಗೆ ಅಂಟಿಸಿ, "ಸಾಹೇಬ್ರೇ, ಅಂಗಡೀಲಿ ಇಂಥಾ ಗೋಂದು ಸಿಗಲ್ಲ ಬಿಡಿ," ಎಂದು ಸರ್ಟಿಫಿಕೇಟು ಕೊಟ್ಟ. ಶುಕ್ರವಾರ ನೀರು ಸರಿಯಿತ್ತು, ತಾಳ್ಮೆ ಇರಲಿಲ್ಲ. ಬೆಂದ ಕೂಡಲೇ ಆವಿಯ ಗುಂಡಿ ತಿರುಗಿಸಿದರು. ಅಡುಗೆಮನೆಯ ಚಾವಣಿಯವರೆಗೆ ಗಂಜಿ ಹಾರಿತು, ಕಾಳು ಅಡ್ಡಡ್ಡ ಸೀಳಿತು, ನಡುವೆ ಇನ್ನೂ ಕಲ್ಲಿನಂತಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು, ಅಕ್ಕನ ಆಣೆ ನೆನಪಾಗಿ ಮುಚ್ಚಿಕೊಂಡಳು. ಆಮೇಲೆ ಬಹಳ ಅರ್ಥಪೂರ್ಣವಾಗಿ ಒಂದು ಸಲ ಕೆಮ್ಮಿದಳು. ಸಾಹೇಬರು ಕೆಮ್ಮಿನ ಔಷಧಿ ತಂದುಕೊಟ್ಟರು.

ಶನಿವಾರ ಅವರು ಆ ಉಳಿದ ಒಂದು ಪುಟವನ್ನು ಓದಿದರು. ತೊಳೆದ ನೀರು ತಿಳಿಯಾಗುವವರೆಗೆ ಅಕ್ಕಿ ತೊಳೆಯಬೇಕು. ಒಂದು ಅಳತೆ ಅಕ್ಕಿಗೆ ಒಂದೂಕಾಲು ಅಳತೆ ನೀರು. ಒತ್ತಡದಲ್ಲಿ ಐದು ನಿಮಿಷ. ಬೆಂದ ಮೇಲೆ ಒತ್ತಡ ತಾನಾಗಿ ಇಳಿಯುವವರೆಗೆ ಮುಟ್ಟಬಾರದು, ಕದಡಬಾರದು. ಸಾಹೇಬರು ಇದಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಫೈಲಿಗೆ ಹಾಕಿ, ಫೈಲಿಗೆ ದಾರ ಕಟ್ಟಿದರು.

ಭಾನುವಾರ ಹನ್ನೆರಡು ಗಂಟೆಗೆ ಅಕ್ಕಿ ತೊಳೆಯಲು ಶುರು. ಏಳು ನೀರು ತೊಳೆದ ಮೇಲೆ ತಿಳಿಯಾಯಿತು, ಎಂಟನೆಯದು ಮನಸ್ಸಿನ ಸಮಾಧಾನಕ್ಕೆ. ಮೂರು ಅಳತೆ ಅಕ್ಕಿ, ಮೂರು ಮುಕ್ಕಾಲು ಅಳತೆ ನೀರು. ಅಳೆಯುವಾಗ ಅಳತೆಯ ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಉಸಿರು ಬಿಗಿಹಿಡಿದು ನೋಡಿದರು. ಮುಚ್ಚಳ ತಿರುಗಿಸಿ ಬೀಗ ಬಿದ್ದ ಸದ್ದು ಕೇಳಿ, ಹನ್ನೆರಡೂ ಇಪ್ಪತ್ತಕ್ಕೆ ಬಟನ್ನು ಒತ್ತಿದರು.

ಹತ್ತು ನಿಮಿಷ ಮುಚ್ಚಳದ ಸಂದಿಯಿಂದ ಸ್ಸ್ ಎಂಬ ಸಣ್ಣ ಸದ್ದು ಬಂತು. ಆಮೇಲೆ ಮುಚ್ಚಳದ ಮೇಲಿನ ಪುಟ್ಟ ಕಡ್ಡಿ ಟಕ್ ಎಂದು ಮೇಲೆದ್ದಿತು, ಸದ್ದು ಪೂರ್ತಿ ನಿಂತುಹೋಯಿತು. ಎದುರಿನ ಪುಟ್ಟ ಪರದೆಯಲ್ಲಿ ಯಾವುದೋ ಗೆರೆಗಳು ಸುತ್ತುತ್ತಿದ್ದವು. ಸಾಹೇಬರು ಸೀಟಿಗಾಗಿ ಕಾದರು.

ಸೀಟಿ ಬರಲಿಲ್ಲ. ಈ ಜಾತಿಯ ಕುಕ್ಕರಿಗೆ ಸೀಟಿಯೇ ಇಲ್ಲ ಎಂಬುದು ಪುಸ್ತಕದ ಹತ್ತೊಂಬತ್ತು ಪುಟಗಳಲ್ಲಿ ಎಲ್ಲೂ ಬರೆದಿರಲಿಲ್ಲ, ಇಲ್ಲದ್ದನ್ನು ಯಾರು ಬರೆಯುತ್ತಾರೆ. ಗುರುವಾರ, ಶುಕ್ರವಾರ ಸಾಹೇಬರು ಬಟನ್ನು ಒತ್ತಿ ಪೇಪರು ಓದಲು ಹೋಗಿದ್ದರಿಂದ ಈ ಮೌನ ಅವರ ಗಮನಕ್ಕೆ ಬಂದಿರಲಿಲ್ಲ. ಇವತ್ತು ಎದುರೇ ಕೂತಿದ್ದರು. ಅವರು ಟೈಪು ಮಾಡಿದ ಅಪಘಾತದ ವರದಿಗಳೆಲ್ಲ ಒಂದೇ ವಾಕ್ಯದಿಂದ ಶುರುವಾಗುತ್ತಿದ್ದವು: ಘಟನೆಗೆ ಮುನ್ನ ಯಾವುದೇ ಶಬ್ದ ಕೇಳಿಬರಲಿಲ್ಲ.

ಆವಿಯ ದಾರಿ ಮುಚ್ಚಿಹೋಗಿದೆ! ಪ್ಲಗ್ಗು ಕಿತ್ತರೆ ಅನ್ನ ಅರೆಬೆಂದು ನಿಲ್ಲುತ್ತದೆ, ಹೆಂಡತಿ ಹೊರಡುತ್ತಾಳೆ. ಕೀಳದಿದ್ದರೆ ಮನೆ ಹೊರಡುತ್ತದೆ. ಎರಡರಲ್ಲಿ ಯಾವುದನ್ನೂ ಆರಿಸಲಾಗದೆ, ಇಪ್ಪತ್ತೆರಡು ವರ್ಷದ ಅನುಭವದಲ್ಲಿ ತಮಗೆ ಚೆನ್ನಾಗಿ ಗೊತ್ತಿದ್ದ ಒಂದೇ ಕೆಲಸವನ್ನು ಅವರು ಮಾಡಿದರು. ಕಚೇರಿಯ ಚೀಲದಿಂದ ಏಳನೇ ನಮೂನೆಯ ಒಂದು ಹಾಳೆ ತೆಗೆದು ತುಂಬಿದರು.

ಏಳನೇ ನಮೂನೆ ಎಂದರೆ ಪರೀಕ್ಷೆಯಲ್ಲಿರುವ ಬಾಯ್ಲರಿನ ಮುಂದೆ ಹಚ್ಚುವ ಕೆಂಪಕ್ಷರದ ನೋಟೀಸು. ಎಚ್ಚರಿಕೆ, ಇಲ್ಲಿ ಒತ್ತಡದ ಪಾತ್ರೆಯು ಪರೀಕ್ಷೆಯಲ್ಲಿದೆ, ಯಾರೂ ಸಮೀಪಿಸತಕ್ಕದ್ದಲ್ಲ, ಸಮೀಪಿಸಿ ಪ್ರಾಣಹಾನಿ ಸಂಭವಿಸಿದಲ್ಲಿ ಕಚೇರಿಯು ಹೊಣೆಯಲ್ಲ. ಕೆಳಗೆ ತುಂಬಬೇಕಾದ ಜಾಗಗಳು. ಪಾತ್ರೆಯ ಗಾತ್ರ ಎಂಬಲ್ಲಿ ಸಾಹೇಬರು ಆರು ಎಂದು ಬರೆದರು. ಆ ಕಾಲಮ್ಮಿನ ನೆತ್ತಿಯ ಮೇಲೆ ಸಣ್ಣಕ್ಷರದಲ್ಲಿ ಸಾವಿರ ಲೀಟರುಗಳಲ್ಲಿ ಎಂದು ಮುದ್ರಿಸಿದ್ದದ್ದು ಅವರಿಗೆ ಗೊತ್ತಿಲ್ಲದ್ದೇನಲ್ಲ, ಆ ಹೊತ್ತಿಗೆ ಮರೆತಿತ್ತು. ಒಳಗಿರುವ ವಸ್ತು ಎಂಬಲ್ಲಿ ಅನ್ನ ಎಂದು ಬರೆಯಲು ಕೈ ಬರಲಿಲ್ಲ. ಬಾಯ್ಲರ್ ಸಾಹೇಬರು ಅನ್ನ ಬೇಯಿಸುತ್ತಾರೆಂದು ಮೂರಂತಸ್ತಿಗೂ ಸಾರುವುದುಂಟೆ? ಗೌಪ್ಯ ಎಂದು ಬರೆದರು. ಮುದ್ರೆ ಒತ್ತಿದರು. ಗುರುವಾರದ ಅನ್ನ ಇನ್ನೂ ಸ್ವಲ್ಪ ಉಳಿದಿತ್ತು, ಅದನ್ನು ಬಳಿದು ಮುಂಬಾಗಿಲ ಹೊರಗೆ ಹಚ್ಚಿ ಮತ್ತೆ ಒಳಗೆ ಓಡಿದರು.

ಪರದೆಯಲ್ಲಿ ಈಗ ಐದು ಎಂಬ ಅಂಕೆ ಬಂದಿತ್ತು.

ನೋಟೀಸನ್ನು ಮೊದಲು ಓದಿದ್ದು ಟೈಲರ್. ಹೊಲಿದ ರವಿಕೆ ಕೊಡಲು ಮೇಲೆ ಬಂದವನು ಗೌಪ್ಯ ಎಂಬ ಪದದ ಹತ್ತಿರ ನಿಂತ. ಗಾತ್ರವನ್ನು ಎರಡು ಸಲ ಓದಿದ. ಆಮೇಲೆ ಅವನು ಮೆಟ್ಟಿಲಿಳಿದದ್ದನ್ನು ಇಳಿದ ಎನ್ನಲಾಗದು, ಉರುಳಿದ.

"ಕಾರ್ಯದರ್ಶಿಗಳೇ! ಸಾಹೇಬ್ರ ಮನೇಲಿ ಆರು ಸಾವಿರ ಲೀಟರಿನ ಬಾಯ್ಲರ್ ಇದೆ! ಪ್ರಾಣ ಹೋದ್ರೆ ಯಾರೂ ಜವಾಬ್ದಾರಿ ಅಲ್ವಂತೆ!"

ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಲಿಫ್ಟು ಕೆಟ್ಟರೆ ಮೂರು ತಿಂಗಳು ಯೋಚಿಸುವ ಮನುಷ್ಯ. ಇವತ್ತು ಮೂರು ನಿಮಿಷವೂ ಯೋಚಿಸಲಿಲ್ಲ. ಬನಿಯನ್ನಿನಲ್ಲೇ ಬಂದು ಬಾಗಿಲು ಬಡಿದರು. ಸಾಹೇಬರು ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದರು.

"ಒಳಗೇನಿದೆ ಸಾರ್?"

"ಇಲಾಖೆ ವಿಷಯ."

"ಸಿಡಿಯುತ್ತಾ?"

ಸಾಹೇಬರು ಸುಳ್ಳು ಹೇಳುವವರಲ್ಲ. "ಹೇಳಕ್ಕಾಗಲ್ಲ," ಎಂದರು. "ಸೀಟಿ ಬಂದಿಲ್ಲ."

ಕಾರ್ಯದರ್ಶಿಗಳ ಮುಖ ಬನಿಯನ್ನಿಗಿಂತ ಬೆಳ್ಳಗಾಯಿತು. ಅವರು ನೋಟೀಸನ್ನು ಸಾಕ್ಷಿಗಿರಲೆಂದು ಕಿತ್ತುಕೊಳ್ಳಲು ನೋಡಿದರು, ಅದು ಕಿತ್ತುಬರಲಿಲ್ಲ. ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ ಎಳೆದರೆ ಬಾಗಿಲಿನ ಬಣ್ಣ ಎದ್ದುಬಂತು. ಅಂಥ ನೋಟೀಸನ್ನು ಹಚ್ಚಿದ ಇಲಾಖೆಯ ಮೇಲೆ ಅವರ ಭಯಭಕ್ತಿ ಇಮ್ಮಡಿಯಾಯಿತು. ಕೆಳಗೆ ಓಡಿಹೋಗಿ ಅಗ್ನಿಶಾಮಕ ಠಾಣೆಗೆ ಫೋನು ಮಾಡಿದರು. ಠಾಣೆ ಎರಡು ಬೀದಿ ಆಚೆಗಿತ್ತು. ಆಮೇಲೆ ಎಲ್ಲ ಮನೆಗಳ ಬಾಗಿಲು ಬಡಿದು ಜನರನ್ನು ಅಂಗಳಕ್ಕಿಳಿಸಿದರು. ಟೈಲರ್ ಸಾಹೇಬರ ಮನೆಗೆ ನುಗ್ಗಿ, ಮುಂದಿನ ಕೋಣೆಯಲ್ಲಿ ಕೂತಿದ್ದ ಹೆಂಡತಿಯನ್ನು ಕುರ್ಚಿ ಸಮೇತ ಎತ್ತಿದ.

"ಅಯ್ಯೋ, ಬಿಡಪ್ಪ, ಅದು ಬರೀ..." ಎಂದಳು ಆಕೆ. ಅಷ್ಟರಲ್ಲಿ ಅಕ್ಕನ ಆಣೆಯೂ ನೆನಪಾಯಿತು, ಗೌಪ್ಯ ಎಂದು ಬರೆದ ಗಂಡನ ಮರ್ಯಾದೆಯೂ ನೆನಪಾಯಿತು. ಬಾಯಿಗೆ ಬೀಗ ಹಾಕಿಕೊಂಡು, ಮೆರವಣಿಗೆ ಹೊರಟವಳ ಹಾಗೆ ಗಂಭೀರವಾಗಿ ಮೆಟ್ಟಿಲಿಳಿದಳು.

ಸಾಹೇಬರು ಇದಾವುದನ್ನೂ ನೋಡಲಿಲ್ಲ. ಅವರು ಅಡುಗೆಮನೆಯಲ್ಲಿ ಪರದೆಯ ಅಂಕೆಯನ್ನೇ ನೋಡುತ್ತಿದ್ದರು. ನಾಲ್ಕಾಯಿತು. ಮೂರಾಯಿತು. ಸೀಟಿ ಇಲ್ಲ, ಸ್ಫೋಟವೂ ಇಲ್ಲ. ಎರಡಾಯಿತು. ಇನ್ನೆರಡು ನಿಮಿಷ ಕಳೆದರೆ ಗೆದ್ದಂತೆ ಎಂದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಪರದೆ ಆರಿಹೋಯಿತು. ಫ್ರಿಜ್ಜಿನ ಗುಂಯ್‌ಗುಡುವಿಕೆ ನಿಂತಿತು. ಫ್ಯಾನು ನಿಧಾನವಾಗಿ ತಿರುಗಿ ನಿಂತಿತು. ಕಾರ್ಯದರ್ಶಿಗಳು ಮುಂಜಾಗ್ರತೆಯ ಕ್ರಮವಾಗಿ ಇಡೀ ಕಟ್ಟಡದ ಮೇನ್ ಸ್ವಿಚ್ಚು ಆಫ್ ಮಾಡಿದ್ದರು. ಗಡಿಯಾರದಲ್ಲಿ ಹನ್ನೆರಡೂ ಮೂವತ್ತೆಂಟು.

ಸಾಹೇಬರು ಕಿಟಕಿಗೆ ಓಡಿದರು. ಅಂಗಳದಲ್ಲಿ ಜಾತ್ರೆಯಷ್ಟು ಜನ, ಎಲ್ಲರ ಮುಖವೂ ಮೇಲಕ್ಕೆ.

"ಕರೆಂಟು! ಕರೆಂಟು ಕೊಡ್ರೀ!" ಎಂದು ಕೂಗಿದರು.

"ಕೊಟ್ರೆ ಸಿಡಿಯುತ್ತೆ ಸಾರ್!"

"ಕೊಡದೆ ಇದ್ರೆ ಹಾಳಾಗುತ್ತೆ!"

"ಏನು ಹಾಳಾಗುತ್ತೆ?"

"ಇಲಾಖೆ ವಿಷಯ," ಎಂದು ಸಾಹೇಬರು ಸೋತ ದನಿಯಲ್ಲಿ ಹೇಳಿ ಒಳಗೆ ಬಂದರು. ಅರೆಬೆಂದ ಅನ್ನ, ಬೀಗ ಬಿದ್ದ ಮುಚ್ಚಳ, ಒಂದು ಗಂಟೆಗೆ ಇಪ್ಪತ್ತೆರಡು ನಿಮಿಷ. ಹೆಂಡತಿ ಕಟ್ಟಿಟ್ಟಿದ್ದ ಬಟ್ಟೆಯ ಚೀಲ ಬಾಗಿಲ ಪಕ್ಕದಲ್ಲಿತ್ತು. ಅದನ್ನು ನೋಡಲಾರದೆ ಮುಖ ತಿರುಗಿಸಿದರು.

ಗಂಟೆ ಬಾರಿಸುತ್ತ ಕೆಂಪು ವಾಹನ ಬಂತು. ಅಗ್ನಿಶಾಮಕದ ಅಧಿಕಾರಿ ಹೆಲ್ಮೆಟ್ಟು ಹಾಕಿಕೊಂಡು, ಕೈಯಲ್ಲಿ ಉದ್ದನೆಯ ಕೊಕ್ಕೆಕೋಲು ಹಿಡಿದು ಒಳಗೆ ಬಂದರು. ಮುಂದಿನ ಕೋಣೆ ನೋಡಿದರು, ಮಲಗುವ ಕೋಣೆ ನೋಡಿದರು, ಬಟ್ಟೆಯ ಬೀರು ತೆರೆದು ನೋಡಿದರು.

"ಎಲ್ರೀ ಅದು? ಆರು ಸಾವಿರ ಲೀಟರಿಂದು?"

ಸಾಹೇಬರು ಸಕ್ಕರೆ ಡಬ್ಬಿಯ ಪಕ್ಕಕ್ಕೆ ಬೆರಳು ತೋರಿಸಿದರು.

ಅಧಿಕಾರಿ ಬಹಳ ಹೊತ್ತು ಕುಕ್ಕರನ್ನು ನೋಡಿದರು, ಬಹಳ ಹೊತ್ತು ಸಾಹೇಬರನ್ನು ನೋಡಿದರು.

"ನೋಡಿ," ಎಂದರು ಕೊನೆಗೆ. "ನೋಟೀಸು ನಿಮ್ಮ ಇಲಾಖೆದು, ಮುದ್ರೆ ಇದೆ. ಒತ್ತಡದ ಪಾತ್ರೆ ಅಂತ ಬರೆದಿದ್ದೀರ, ಒತ್ತಡ ಇದೆ. ಸುಮ್ನೆ ಬಿಟ್ಟು ಹೋಗಿ ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ. ಆವಿ ಬಿಟ್ಟುಬಿಡ್ತೀನಿ. ಸರಿಯಿರಿ ಆಚೆ."

ಕೊಕ್ಕೆಕೋಲು ಆವಿಯ ಗುಂಡಿಯ ಕಡೆ ಚಾಚಿತು. ಸಾಹೇಬರು ಹಾರಿ ನಡುವೆ ನಿಂತರು. ಆ ಗಳಿಗೆಯವರೆಗೆ ಅವರು ಯಾವ ಮೇಲಧಿಕಾರಿಯ ದಾರಿಗೂ ಅಡ್ಡ ನಿಂತವರಲ್ಲ.

"ಮುಟ್ಟಬೇಡಿ! ಆವಿ ಬಿಟ್ರೆ ಕಾಳು ಸೀಳುತ್ತೆ!"

"ಯಾವ ಕಾಳು?"

ಕಿಟಕಿ ತೆರೆದೇ ಇತ್ತು, ಒಂದೊಂದು ಮಾತೂ ಕೆಳಗೆ ಕೇಳುತ್ತಿತ್ತು. ಸಾಹೇಬರು ಕೆಳಗೆ ನೋಡಿದರು. ಜನರ ನಡುವೆ ಕುರ್ಚಿಯಲ್ಲಿ, ಪ್ಲಾಸ್ಟರಿನ ಬಿಳಿ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಹೆಂಡತಿ ಕೂತಿದ್ದಳು. ಆಕೆಯ ಪಕ್ಕದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತವರು ದೊಡ್ಡಕ್ಕ. ಹೇಳಿದ ಹೊತ್ತಿಗಿಂತ ಹನ್ನೆರಡು ನಿಮಿಷ ಮೊದಲೇ ಬಂದಿದ್ದರು.

"ಯಾವ ಕಾಳು ಅಂತ ಕೇಳ್ತಿದ್ದಾರಲ್ಲ, ಹೇಳು!" ಎಂದರು ದೊಡ್ಡಕ್ಕ ಕೆಳಗಿನಿಂದ.

"ಅಕ್ಕಿ ಕಾಳು!" ಎಂದು ಸಾಹೇಬರು ಕಿರುಚಿದರು. ಒಂದು ಸಲ ಬಾಯಿ ಬಿಟ್ಟ ಮೇಲೆ ಅವರಿಗೆ ತಡೆಯಲಾಗಲಿಲ್ಲ. "ಅನ್ನ! ಒಳಗಿರೋದು ಅನ್ನ! ನಾನು ಯಾವ ಸಾಹೇಬನೂ ಅಲ್ಲ, ಬರೀ ಗುಮಾಸ್ತ! ಬಾಯ್ಲರ್ ಹೇಗಿರುತ್ತೆ ಅಂತಲೂ ನೋಡಿಲ್ಲ! ಈ ಅನ್ನ ಉದುರಾಗದೆ ಇದ್ರೆ ಇವಳು ಆರು ವಾರ ಹೋಗಿಬಿಡ್ತಾಳೆ! ಇವಳಿಲ್ದೆ ನನಗೆ ಮನೇಲಿ ಇರೋದಕ್ಕಾಗಲ್ಲ! ಯಾರೂ ಮುಟ್ಟಬೇಡಿ ಅದನ್ನ!"

ಟೈಲರ್ ಕತ್ತಿನ ಟೇಪನ್ನು ತೆಗೆದು ಸುತ್ತತೊಡಗಿದ. ಕಾರ್ಯದರ್ಶಿಗಳಿಗೆ ತಾವು ಬನಿಯನ್ನಿನಲ್ಲಿರುವುದು ಆಗ ಗಮನಕ್ಕೆ ಬಂತು. ಹೆಂಡತಿ ಎಡಗೈಯಿಂದ ಸೆರಗು ಹಿಡಿದು ಕಣ್ಣೊರೆಸಿಕೊಂಡಳು. ಇಪ್ಪತ್ತಾರು ವರ್ಷದಲ್ಲಿ ಗಂಡ ಆಕೆಗೆ ಇಷ್ಟು ದೊಡ್ಡ ಮಾತು ಹೇಳಿರಲಿಲ್ಲ. ಹೇಳುವಾಗ ಅಗ್ನಿಶಾಮಕ ದಳವನ್ನೂ ಕೂಡಿಸಿಕೊಂಡು ಹೇಳಿದ್ದರು.

ಅಷ್ಟರಲ್ಲಿ ಒಂದು ಸ್ಕೂಟರು ಬಂದು ನಿಂತಿತು. ಇಳಿದವರು ಬಾಯ್ಲರ್ ಇನ್‌ಸ್ಪೆಕ್ಟರು, ಸಾಹೇಬರ ಖಾಸಾ ಮೇಲಧಿಕಾರಿ. ಆರು ಸಾವಿರ ಲೀಟರೆಂದು ಠಾಣೆಯವರೇ ಅವರಿಗೂ ಸುದ್ದಿ ಮುಟ್ಟಿಸಿದ್ದರು. ಊಟದ ತಟ್ಟೆ ಬಿಟ್ಟೆದ್ದು ಬಂದ ಆ ಮುಖದಲ್ಲಿ ಕರುಣೆಯ ಗುರುತೇ ಇರಲಿಲ್ಲ. ಮೇಲೆ ಬಂದು ಬಾಗಿಲ ಮೇಲಿನ ನಮೂನೆಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ಅಡುಗೆಮನೆಗೆ ಬಂದು ಕುಕ್ಕರು ನೋಡಿದರು.

"ಇದನ್ನ ತುಂಬಿದ್ದು ಯಾರು?"

"ನಾನೇ ಸಾರ್."

"ಗಾತ್ರದ ಕಾಲಮ್ ತಪ್ಪು."

"ಹೌದು ಸಾರ್."

"ಮಿಕ್ಕಿದ್ದು ಸರಿ ಇದೆ." ಇನ್‌ಸ್ಪೆಕ್ಟರು ಕೊಕ್ಕೆಕೋಲಿನ ಕಡೆ ತಿರುಗಿದರು. "ನೀವೇನು ಮಾಡ್ತಿದ್ದೀರಿ ಇಲ್ಲಿ?"

"ಆವಿ ಬಿಡೋಣ ಅಂತ," ಎಂದರು ಅಗ್ನಿಶಾಮಕದವರು.

"ಏಳನೇ ನಮೂನೆ ಹಚ್ಚಿದ ಪಾತ್ರೆ ಅದು. ಒತ್ತಡ ತಾನಾಗಿ ಸೊನ್ನೆಗೆ ಬರೋ ತನಕ ಯಾರೂ ಮುಟ್ಟೋ ಹಾಗಿಲ್ಲ. ಆಮೇಲೆ ಇಬ್ಬರು ಸಾಕ್ಷಿಗಳ ಎದುರಿಗೇ ತೆರೀಬೇಕು. ಒಳಗೆ ಅನ್ನ ಇರ್ಲಿ, ಆನೆ ಇರ್ಲಿ, ನಿಯಮ ಒಂದೇ. ಕೋಲು ಕೆಳಗಿಡಿ."

ಸಾಹೇಬರಿಗೆ ಆ ಗಳಿಗೆಯಲ್ಲಿ ತಮ್ಮ ಇಲಾಖೆಯ ಮೇಲೆ ಹುಟ್ಟಿದ ಪ್ರೀತಿ ಸಂಬಳದ ದಿನವೂ ಹುಟ್ಟಿರಲಿಲ್ಲ.

ಸಾಕ್ಷಿಗಳಾಗಿ ದೊಡ್ಡಕ್ಕ ಮತ್ತು ಕಾರ್ಯದರ್ಶಿಗಳು ಬಂದರು. ಹೆಂಡತಿಯನ್ನು ಟೈಲರ್ ಮತ್ತೆ ಕುರ್ಚಿ ಸಮೇತ ಮೇಲೆ ತಂದ. ಆಣೆಯಂತೆ ಆಕೆ ಅಡುಗೆಮನೆಯ ಹೊಸ್ತಿಲ ಆಚೆಗೇ ಕೂತಳು. ಇಷ್ಟು ಜನ ಆ ಪುಟ್ಟ ಕೋಣೆಯಲ್ಲಿ ಭುಜಕ್ಕೆ ಭುಜ ತಾಗಿಸಿ, ಮುಚ್ಚಳದ ಮೇಲಿನ ಮೊಳೆಯಷ್ಟಿದ್ದ ಕಡ್ಡಿಯನ್ನು ನೋಡುತ್ತ ನಿಂತರು. ಇನ್‌ಸ್ಪೆಕ್ಟರ ಕೈಯಲ್ಲಿ ಗಡಿಯಾರ. ಹನ್ನೆರಡೂ ಐವತ್ತೈದು. ಐವತ್ತಾರು. ಸಾಹೇಬರ ಕಿವಿಯ ಹಿಂದಿನಿಂದ ಬೆವರು ಇಳಿದು ಕಾಲರಿನೊಳಗೆ ಹೋಯಿತು. ಐವತ್ತೇಳು. ದೊಡ್ಡಕ್ಕ ಒಂದು ಸಲ ಗಂಟಲು ಸರಿಮಾಡಿಕೊಂಡದ್ದಕ್ಕೆ ಅಗ್ನಿಶಾಮಕದವರು ಬೆಚ್ಚಿದರು.

ಟಕ್ ಎಂದು ಕಡ್ಡಿ ಕೆಳಗಿಳಿಯಿತು.

"ಸೊನ್ನೆ," ಎಂದರು ಇನ್‌ಸ್ಪೆಕ್ಟರು. "ತೆಗೀರಿ."

ಸಾಹೇಬರು ಕಣ್ಣು ಮುಚ್ಚಿಕೊಂಡು ಮುಚ್ಚಳ ತಿರುಗಿಸಿದರು. ಬಿಸಿ ಆವಿ ಮುಖಕ್ಕೆ ಬಡಿಯಿತು, ಜೊತೆಗೆ ಹದವಾಗಿ ಬೆಂದ ಅಕ್ಕಿಯ ಪರಿಮಳ. ಕಣ್ಣು ತೆರೆಯಲು ಧೈರ್ಯ ಸಾಲಲಿಲ್ಲ. ದೊಡ್ಡಕ್ಕನ ಬಳೆಯ ಸದ್ದು ಕೇಳಿತು. ಚಮಚ ಅನ್ನಕ್ಕೆ ಹೋದ ಸದ್ದು, ತಟ್ಟೆ ಎಳೆದ ಸದ್ದು. ಹಾಸ್ಟೆಲ್ಲಿನಲ್ಲಿ ದೊಡ್ಡಕ್ಕನದು ಒಂದು ಪರೀಕ್ಷೆಯಿತ್ತು. ಒಂದು ಚಮಚ ಅನ್ನವನ್ನು ಗೇಣೆತ್ತರದಿಂದ ತಟ್ಟೆಗೆ ಬಿಡುವುದು. ಕಾಳು ಚದುರಬೇಕು. ಎರಡು ಜೊತೆಗೂಡಿ ಬಿದ್ದರೂ ನಾನೂರು ಜನರ ಹಂಡೆ ವಾಪಸ್ಸು ಹೋಗುತ್ತಿತ್ತು.

ತಟ್ಟೆಯ ಮೇಲೆ ಸಣ್ಣಗೆ ಮಳೆ ಬಂದ ಹಾಗೆ ಸದ್ದಾಯಿತು.

ಸಾಹೇಬರು ಕಣ್ಣು ತೆರೆದರು. ತಟ್ಟೆಯ ತುಂಬ ಅನ್ನ ಹರಡಿತ್ತು. ಉದ್ದುದ್ದ, ಬೆಳ್ಳಗೆ, ಒಂದರ ಗೊಡವೆ ಇನ್ನೊಂದಕ್ಕಿಲ್ಲ. ದೊಡ್ಡಕ್ಕ ಬಗ್ಗಿ, ಕನ್ನಡಕ ಹಣೆಗೇರಿಸಿ, ತೋರುಬೆರಳಿನಿಂದ ಒಂದೊಂದೇ ಕಾಳನ್ನು ಸರಿಸಿ ನೋಡಿದರು. ಅಂಟಿದ್ದು ಸಿಗಲಿಲ್ಲ. ಒಂದು ಕಾಳನ್ನು ಬೆರಳ ನಡುವೆ ಹಿಸುಕಿದರು. ಮೆತ್ತಗೆ ಹಿಸುಕಿಹೋಯಿತು, ನಡುವೆ ಗಟ್ಟಿಯಿರಲಿಲ್ಲ. ಅವರ ಮುಖದಲ್ಲಿ ಮೊದಲು ಅನುಮಾನ ಬಂತು.

"ಇದನ್ನ ನೀನೇ ಮಾಡಿದ್ದಾ? ಎಲ್ಲಿಂದಾದ್ರೂ ತರಿಸಿ ಒಳಗೆ ಇಟ್ಟಿಲ್ಲ ತಾನೇ?"

"ನಮ್ಮ ಸಮಕ್ಷಮದಲ್ಲೇ ತೆರೆದಿದ್ದಮ್ಮ," ಎಂದು ಇನ್‌ಸ್ಪೆಕ್ಟರು ಸ್ವಲ್ಪ ನೊಂದ ದನಿಯಲ್ಲಿ ಹೇಳಿದರು. "ಬೇಕಾದ್ರೆ ಬರೆದುಕೊಡ್ತೀನಿ."

ದೊಡ್ಡಕ್ಕ ಒಂದು ಚಿಟಿಕೆ ಉಪ್ಪುದುರಿಸಿ ಬಾಯಿಗೆ ಹಾಕಿಕೊಂಡರು. ಎರಡನೆಯ ಚಮಚವನ್ನು ಯಾರೂ ಹೇಳದೆಯೇ ತೆಗೆದುಕೊಂಡರು. ಮೂರನೆಯದಕ್ಕೆ ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಇನ್‌ಸ್ಪೆಕ್ಟರಿಗೆ ತಟ್ಟೆ ಬಂತು, ಅವರು ಅರ್ಧ ಊಟ ಬಿಟ್ಟೆದ್ದವರು. ಅಗ್ನಿಶಾಮಕದವರು ಹೆಲ್ಮೆಟ್ಟು ತೆಗೆದು ಕೂತರು. ಟೈಲರ್ ಗುರುವಾರದ ಡಬ್ಬಿಯನ್ನೇ ತೊಳೆದುಕೊಂಡು ಬಂದ. ಹೊಸ್ತಿಲಾಚೆ ಕೂತಿದ್ದ ಹೆಂಡತಿಗೆ ಸಾಹೇಬರು ತಾವೇ ಚಮಚದಲ್ಲಿ ತಿನ್ನಿಸಿದರು. ಆಕೆ ಎರಡು ತುತ್ತು ನುಂಗಿ, "ರೀ, ಚೆನ್ನಾಗಿದೆ ಕಣ್ರೀ," ಎಂದಳು. ಹೇಳುತ್ತ ಹೇಳುತ್ತ ಮತ್ತೆ ಕಣ್ಣು ತುಂಬಿಕೊಂಡಳು.

ಹೊರಡುವಾಗ ಇನ್‌ಸ್ಪೆಕ್ಟರು ಬಾಗಿಲಲ್ಲಿ ನಿಂತು, "ರಜೆ ಇದ್ರೂ ನಾಳೆ ಮಧ್ಯಾಹ್ನ ನನ್ನ ಕೋಣೆಗೆ ಬರ್ಬೇಕು ನೀವು," ಎಂದರು. ಸಾಹೇಬರ ಮುಖ ಸಪ್ಪಗಾಯಿತು. "ಬರುವಾಗ ಒಂದು ಡಬ್ಬಿ ತನ್ನಿ," ಎಂದು ಮುಗಿಸಿದರು.

ಎಲ್ಲರೂ ಹೋದ ಮೇಲೆ ದೊಡ್ಡಕ್ಕ ಖಾಲಿಯಾದ ಕುಕ್ಕರಿನ ತಳವನ್ನು ಕೆರೆದು ನೋಡಿ, ಕೈ ತೊಳೆದು, ತೀರ್ಪು ಕೊಟ್ಟರು.

"ಮಾತು ಅಂದ್ರೆ ಮಾತು. ಅವಳು ಇಲ್ಲೇ ಇರ್ಲಿ."

ಸಾಹೇಬರು ಕುಸಿದು ಕೂತರು. ದೊಡ್ಡಕ್ಕ ಇನ್ನೂ ಮುಗಿಸಿರಲಿಲ್ಲ.

"ಮೂವತ್ತು ವರ್ಷ ಊರಿಗೆಲ್ಲ ಬೇಯ್ಸಿ ಹಾಕ್ದೆ. ನನಗೆ ಅಂತ ಒಬ್ಬರೂ ಇಂಥಾ ಅನ್ನ ಮಾಡಿ ಹಾಕ್ಲಿಲ್ಲ. ನಾನೂ ಇಲ್ಲೇ ಇರ್ತೀನಿ, ಆರು ವಾರ. ನಾಳೆ ನಮ್ಮನೆಯವ್ರು ಬಟ್ಟೆಬರೆ ಕಳಿಸ್ತಾರೆ. ದಿನಾ ಇದೇ ಅನ್ನ, ಇದೇ ಹದ. ನೋಡಪ್ಪ, ಯಾವತ್ತು ಎರಡು ಕಾಳು ಅಂಟ್ಕೊಳ್ಳುತ್ತೋ ಅವತ್ತೇ ಇವಳನ್ನ ಕರ್ಕೊಂಡು ಹೊರಡ್ತೀನಿ."

ಸಾಹೇಬರು ಫೈಲು ಬಿಚ್ಚಿಕೊಂಡು ಕೂತರು. ಗುರುವಾರ ಅಂಟು, ಶುಕ್ರವಾರ ಕಲ್ಲು, ಭಾನುವಾರ ಮಾತ್ರ ಹದ. ಭಾನುವಾರ ಏನೇನು ಆಯಿತು ಎಂದು ಕ್ರಮವಾಗಿ ಬರೆದರು. ಎಂಟು ನೀರಲ್ಲಿ ತೊಳೆದದ್ದು. ಮೂರು ಮುಕ್ಕಾಲು ಅಳತೆ. ನೋಟೀಸು. ಜನ. ಪರದೆಯಲ್ಲಿ ಎರಡು ಇದ್ದಾಗ ಕರೆಂಟು ಹೋದದ್ದು. ಇವುಗಳಲ್ಲಿ ಯಾವುದರಿಂದ ಅನ್ನ ಉದುರಾಯಿತೆಂದು ಹೇಳಲು ಅವರ ಬಳಿ ಯಾವ ಆಧಾರವೂ ಇರಲಿಲ್ಲ. ಆಧಾರವಿಲ್ಲದೆ ಒಂದನ್ನೂ ಬಿಡುವಂತಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕಿಳಿದರು.

ಕಾರ್ಯದರ್ಶಿಗಳು ಈಗ ಅಂಗಿ ಹಾಕಿಕೊಂಡು, ಕರೆಂಟು ಮತ್ತೆ ಕೊಟ್ಟು, ಮೇನ್ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದರು. ಸಾಹೇಬರು ಅವರ ಮುಂದೆ ಕೈ ಜೋಡಿಸಿ ನಿಂತರು.

"ಒಂದು ಉಪಕಾರ ಆಗ್ಬೇಕಿತ್ತು ಸಾರ್. ನಾಳೆಯಿಂದ ಆರು ವಾರ, ದಿನಾ ಮಧ್ಯಾಹ್ನ ಹನ್ನೆರಡೂ ಮೂವತ್ತೆಂಟಕ್ಕೆ ಸರಿಯಾಗಿ, ಈ ಮೇನ್ ಸ್ವಿಚ್ಚು ಒಂದು ಆಫ್ ಮಾಡ್ಬೇಕು."

ಕಾರ್ಯದರ್ಶಿಗಳು ಕಣ್ಣು ಕಣ್ಣು ಬಿಟ್ಟರು. "ಇಡೀ ಬಿಲ್ಡಿಂಗಿಂದಾ?"

"ಇಡೀ ಬಿಲ್ಡಿಂಗಿಂದೇ."

ಮೇಲಿನ ಕಿಟಕಿಯಿಂದ ನಗು ಕೇಳಿತು. ಬಿದ್ದು ಕೈ ಮುರಿದುಕೊಂಡ ಮೇಲೆ ಹೆಂಡತಿ ನಕ್ಕದ್ದು ಅದೇ ಮೊದಲು. ಅನ್ನ ತಟ್ಟೆಗೆ ಬಂದಾಗಲೇ ಆಣೆ ಮುಗಿದಿತ್ತಲ್ಲ, ಈಗ ಆಕೆ ಧಾರಾಳವಾಗಿ ಬಾಯಿ ಬಿಡಬಹುದಿತ್ತು.

"ರೀ! ಹೊತ್ತು ನೋಡ್ಕೊಂಡು ನಮ್ಮ ಕುಕ್ಕರಿನ ಪ್ಲಗ್ ಒಂದು ಕಿತ್ರೆ ಸಾಲ್ದಾ?"

ಸಾಹೇಬರು ಕತ್ತೆತ್ತಿ ಆಕೆಯನ್ನು ನೋಡಿದರು. ಆ ಸಲಹೆಯನ್ನು ಪ್ರಾಮಾಣಿಕವಾಗಿ ಎಲ್ಲ ಕಡೆಯಿಂದಲೂ ತೂಗಿದರು. ಆಮೇಲೆ ತಲೆಯಾಡಿಸಿದರು.

"ಬೇಡ ಇವಳೇ. ಸಾಲ್ದೇ ಹೋದ್ರೆ? ನೀನು ಹೋಗಿಬಿಟ್ರೆ?"

ಕಾರ್ಯದರ್ಶಿಗಳು ಅವರ ಮುಖ ನೋಡಿದರು, ಕಿಟಕಿಯ ಕಡೆ ನೋಡಿದರು. ಹಾಕಿದ ಬೀಗವನ್ನು ಮೆಲ್ಲಗೆ ತೆಗೆದು, ಜೇಬಿನಿಂದ ಪೆನ್ನು ಎಳೆದು, ಅಂಗೈ ಮೇಲೆ ಬರೆದುಕೊಳ್ಳಲು ಸಿದ್ಧರಾದರು.

"ಮೂವತ್ತೆಂಟೋ, ಮೂವತ್ತೊಂಬತ್ತೋ, ಸರಿಯಾಗಿ ಹೇಳಿ," ಎಂದರು.